ಗೋಲ್ಡಿಯ ಕೊಲೆ-ಕೇಟರಿಂಗ್ ಕಥೆಗಳು: 17ರಲ್ಲಿ ಎಷ್ಟು ಓದಬಹುದು?

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ಲೇಖಕಿ ಡಯೇನ್ ಮಾಟ್ ಡೇವಿಡ್ಸನ್ ಅವರ ಗೋಲ್ಡಿ ಪತ್ತೇದಾರಿ ಕಾದಂಬರಿ ಸರಣಿಯನ್ನು ಹಸಿದ ಹೊಟ್ಟೆಯಲ್ಲಿ ಓದಬೇಡಿ. ಕೊಲೆಗಾರ ಯಾರಿರಬಹುದು ಅಂತ ನಾವು ತಲೆ ಕೆಡಿಸಿಕೊಂಡಿರುವ ಹೊತ್ತಿಗೇ ಓವನ್‌ನಿಂದ ಏನೋ ಒಂದು ಘಮ್ಮಂತ ಹೊರಬರುತ್ತದೆ. ಹೆಣವನ್ನು ಅಲ್ಲೇ ಬಿಟ್ಟು ಬಿಸ್ಕತ್ತಿನ ಡಬ್ಬಿ ಹುಡುಕಲು ಎದ್ದು ಹೋಗುತ್ತೇವೆ.

ಕೊಲರಾಡೋದ ಬೆಟ್ಟಗಳ ನಡುವೆ ಆಸ್ಪೆನ್ ಮೆಡೋ ಅನ್ನುವ ಕಲ್ಪನೆಯ ಊರು. ಚಿಕ್ಕ ಊರು, ಎಲ್ಲರಿಗೂ ಎಲ್ಲರ ವಿಷಯ ಗೊತ್ತು. ಗಂಡನಿಂದ ಬಿಡುಗಡೆ ಪಡೆದ ಗೋಲ್ಡಿ ಮಗ ಆರ್ಚ್‌ನನ್ನು ಸಾಕಲು ಕೇಟರಿಂಗ್ ನಡೆಸುತ್ತಾಳೆ. 1990ರಲ್ಲಿ ಬಂದ ಮೊದಲ ಪುಸ್ತಕ 'ಕೇಟರಿಂಗ್ ಟು ನೋಬಡಿ'ಯಲ್ಲಿ ಆರ್ಚ್‌ನ ಹಳೇ ಟೀಚರ್ ತೀರಿಕೊಂಡಿರುತ್ತಾರೆ, ಅಂತ್ಯಕ್ರಿಯೆ ಮುಗಿದ ಮೇಲಿನ ಊಟದ ಆರ್ಡರ್ ಇವಳದು. ಅಲ್ಲಿ ಇವಳ ಮಾಜಿ ಮಾವನ ಹೊಟ್ಟೆಗೆ ಇಲಿ ಪಾಷಾಣ ಸೇರುತ್ತದೆ. ಪೊಲೀಸರು ಬಂದು ಕೇಟರಿಂಗ್ ಬಂದ್ ಮಾಡಿಸುತ್ತಾರೆ.

ನನಗೆ ಸರಣಿ ಹಿಡಿಸಿದ್ದು ಇಲ್ಲೇ. ಹವ್ಯಾಸಿ ಪತ್ತೇದಾರರ ಕಥೆಗಳಲ್ಲಿ ಯಾವಾಗಲೂ ಒಂದು ಪ್ರಶ್ನೆ ಚುಚ್ಚುತ್ತಿರುತ್ತದೆ: ಇವರಿಗ್ಯಾಕೆ ಈ ಉಸಾಬರಿ, ಪೊಲೀಸರು ಇಲ್ವಾ? ಗೋಲ್ಡಿಗೆ ಉಸಾಬರಿ ಅಲ್ಲ, ಹೊಟ್ಟೆಪಾಡು. ಊಟದಲ್ಲಿ ವಿಷ ಅಂತ ಹೆಸರು ಕೆಟ್ಟರೆ ಮತ್ತೆ ಯಾರು ಆರ್ಡರ್ ಕೊಡುತ್ತಾರೆ? ಇನ್ನೊಂದು ಅನುಕೂಲವೂ ಇದೆ. ಟ್ರೇ ಹಿಡಿದು ನಿಂತವರ ಮುಖವನ್ನು ಯಾರೂ ನೋಡುವುದಿಲ್ಲ. ಅವಳ ಎದುರೇ ಜಗಳ ಆಡುತ್ತಾರೆ, ದುಡ್ಡಿನ ಮಾತಾಡುತ್ತಾರೆ, ಯಾರು ತಟ್ಟೆ ಮುಟ್ಟದೆ ಎದ್ದು ಹೋದರು ಅನ್ನೋದೂ ಅವಳಿಗೆ ಗೊತ್ತಾಗುತ್ತದೆ.

ಆದರೆ ಸರಣಿಯ ಜೀವ ಇರುವುದು ಕೊಲೆಗಳಲ್ಲಿ ಅಲ್ಲ, ಆ ಮಾಜಿ ಗಂಡನಲ್ಲಿ. ಊರಿಗೆಲ್ಲ ಬೇಕಾದ ಡಾಕ್ಟರು, ಮನೆಯೊಳಗೆ ಹೆಂಡತಿಗೆ ಹೊಡೆಯುವವನು. ಅವಳ ಹೆಬ್ಬೆರಳು ಮುರಿದಿದ್ದು ಅವನೇ. ಅದೇ ಕೈಯಲ್ಲಿ ಅವಳು ಹಿಟ್ಟು ನಾದುತ್ತಿರುತ್ತಾಳೆ. ರಕ್ತ ಹರಿಯದ, ಬೆಚ್ಚಗೆ ಹೊದ್ದು ಓದುವ ಪತ್ತೇದಾರಿ ಕಥೆ ಅಂತ ಕೈಗೆತ್ತಿಕೊಂಡವರಿಗೆ ಇದು ಸುಮ್ನೆ ಪಕ್ಕಕ್ಕೆ ಸರಿಸುವ ವಿಷಯವಲ್ಲ. ಅವನ ಇನ್ನೊಬ್ಬ ಮಾಜಿ ಹೆಂಡತಿ ಮಾರ್ಲಾ ಗೋಲ್ಡಿಯ ಆಪ್ತ ಗೆಳತಿ. ಒಂದು ಲೆಕ್ಕದಲ್ಲಿ ಸವತಿಯರು, ಅಲ್ವಾ? ಇಬ್ಬರೂ ಸೇರಿ ಅವನನ್ನು ಬೈಯುವ ಪುಟಗಳು ಬಂದಾಗ ನಾನು ನಿಧಾನಕ್ಕೆ ಓದುತ್ತೇನೆ.

ನಾಲ್ಕನೇ ಪುಸ್ತಕ 'ದಿ ಲಾಸ್ಟ್ ಸಪ್ಪರ್ಸ್' (1994) ಮಜವಾಗಿದೆ. ಪೊಲೀಸ್ ಅಧಿಕಾರಿ ಟಾಮ್ ಶುಲ್ಟ್ಸ್ ಜೊತೆ ಅವಳ ಎರಡನೇ ಮದುವೆ, ತನ್ನ ಮದುವೆಗೆ ತಾನೇ ಕೇಟರಿಂಗ್! ಅಷ್ಟರಲ್ಲಿ ಮದುವೆ ಮಾಡಿಸಬೇಕಾದ ಪಾದ್ರಿಯೇ ಹೆಣವಾಗಿರುತ್ತಾನೆ.

ತಕರಾರು ಇಲ್ಲ ಅಂತಲ್ಲ. 17 ಪುಸ್ತಕ ಅಂದರೆ ಜಾಸ್ತಿನೇ. ಅಷ್ಟು ಪುಟ್ಟ ಊರಲ್ಲಿ ಇವಳು ಅಡುಗೆಗೆ ಹೋದಲ್ಲೆಲ್ಲ ಒಬ್ಬರು ಸಾಯುತ್ತಾರೆ, ಆದರೂ ಜನ ಕರೆಯುತ್ತಲೇ ಇರುತ್ತಾರೆ. ನಾನಾಗಿದ್ದರೆ ಬರೀ ಹಣ್ಣು ತಿಂದು ಮನೆಗೆ ಹೋಗುತ್ತಿದ್ದೆ. ಕೊಲೆಗಾರ ಎದುರು ನಿಂತು ಮಾಡಿದ್ದನ್ನೆಲ್ಲ ವಿವರಿಸುವ ಕೊನೆಯ ಅಧ್ಯಾಯಗಳೂ ಬರಬರುತ್ತಾ ಒಂದೇ ಥರ ಅನಿಸುತ್ತವೆ. ಮಾಜಿ ಗಂಡನ ಕಥೆ 12ನೆಯ 'ಡಬಲ್ ಶಾಟ್'ನಲ್ಲಿ (2004) ಮುಗಿಯುತ್ತದೆ. ಹೇಗೆ ಅಂತ ಹೇಳಲ್ಲ. ಅದಾದ ಮೇಲೆ ನನಗೆ ಎಳೆ ಸಡಿಲವಾಯಿತು. 2013ರ 'ದಿ ಹೋಲ್ ಎಂಚಿಲಾಡಾ'ವರೆಗೂ ಓದಿದ್ದು ಹಳೇ ಸ್ನೇಹದ ದಾಕ್ಷಿಣ್ಯಕ್ಕೆ.

ಪ್ರತಿ ಪುಸ್ತಕದಲ್ಲೂ ರೆಸಿಪಿಗಳಿವೆ. ಬರೀ ಅಲಂಕಾರಕ್ಕಲ್ಲ, ನಿಜಕ್ಕೂ ಮಾಡಬಹುದಾದವು. ಬೆಣ್ಣೆ, ಕ್ರೀಮ್‌ಗೆ ಲೆಕ್ಕವಿಲ್ಲ. ಅಮೆರಿಕದ ಅಳತೆ, ಹುಷಾರು: ಒಂದು ಸ್ಟಿಕ್ ಬೆಣ್ಣೆ ಅಂದರೆ ಸುಮಾರು 113 ಗ್ರಾಂ. ಓವನ್ 350 ಡಿಗ್ರಿ ಅಂದಿದ್ದನ್ನು ನೋಡಿ ನಾನು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ, 250ಕ್ಕೇ ನಿಂತಿತು. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 177 ಸೆಲ್ಸಿಯಸ್ ಅಂತ ಹೊಳೆಯುವಷ್ಟರಲ್ಲಿ ಕುಕೀಗಳೆಲ್ಲ ಇದ್ದಿಲು. ಆವತ್ತು ನಮ್ಮನೆಯಲ್ಲಿ ಸತ್ತಿದ್ದು ಅವಷ್ಟೇ.

ಓದುವುದಾದರೆ ಮೊದಲ ಪುಸ್ತಕದಿಂದಲೇ ಶುರು ಮಾಡಿ, 12ರವರೆಗೆ ಕ್ರಮ ತಪ್ಪಿಸಬೇಡಿ. ಆಮೇಲಿನ ಐದು, ಲೈಬ್ರರಿಯಲ್ಲಿ ಸಿಕ್ಕರೆ ನೋಡಿ.