ಎಕ್ಸ್‌ಪಿಗೆ ಹೊಸ ಕಂಪೈಲರ್: ಗೋ, ರಸ್ಟ್, ಜಿಸಿಸಿ ಮೂರನ್ನೂ ಹಚ್ಚಿ ನೋಡಿದೆ

ಒಂದು ಹಳೆಯ ಅಳತೆ ಉಪಕರಣ. ಅದರ ಡ್ರೈವರ್ ಇರುವುದು 32 ಬಿಟ್ ವಿಂಡೋಸ್ ಎಕ್ಸ್‌ಪಿಗೆ ಮಾತ್ರ. ಹಾಗಾಗಿ ಆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವ ಹಾಗಿಲ್ಲ. ನನಗೆ ಬೇಕಿದ್ದದ್ದು ಸಣ್ಣ ಪ್ರೋಗ್ರಾಂ: ಸೀರಿಯಲ್ ಪೋರ್ಟಿನಿಂದ ಬರುವ ಸಾಲುಗಳನ್ನು ಫೈಲಿಗೆ ಬರೆದು, ಆಗಾಗ ಸರ್ವರಿಗೆ ಕಳಿಸಬೇಕು. ಅದನ್ನೇ ಗೋ, ರಸ್ಟ್, ಸಿ++ ಮೂರು ಭಾಷೆಗಳಲ್ಲಿ ಬರೆದು, ಅವುಗಳ ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಸಾಧನ) ಹಚ್ಚಿ ನೋಡಿದೆ.

ಮೊದಲು ಗೋ, ಯಾಕಂದ್ರೆ ನನ್ನ ಕೈ ಪಳಗಿದ್ದು ಅದರಲ್ಲೇ. ಹೊಸ ಆವೃತ್ತಿಯಲ್ಲಿ ಬಿಲ್ಡ್ ಮಾಡಿ ಎಕ್ಸ್‌ಪಿಯಲ್ಲಿ ಕ್ಲಿಕ್ ಮಾಡಿದರೆ ‘ಇದು ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ’ ಎಂಬ ಸಂದೇಶ. ಫೈಲ್ ಏನೂ ಕೆಟ್ಟಿರಲಿಲ್ಲ. ಗೋ ಲಿಂಕರ್ (ತುಣುಕುಗಳನ್ನು ಜೋಡಿಸಿ ಕೊನೆಯ ಫೈಲ್ ಮಾಡುವ ಭಾಗ) ಫೈಲಿನ ಹೆಡರಿನಲ್ಲಿ ಕನಿಷ್ಠ ಬೇಕಾದ ಆವೃತ್ತಿ 6.1 ಎಂದು ಬರೆದಿರುತ್ತದೆ, ಅಂದರೆ ವಿಂಡೋಸ್ 7. ಎಕ್ಸ್‌ಪಿಯ ನಂಬರ್ 5.1. ಹೆಕ್ಸ್ ಎಡಿಟರಿನಲ್ಲಿ ಆ ಅಂಕಿ ತಿದ್ದಿದೆ. ಒಳಗೆ ಕಾಲಿಟ್ಟಿತು, ಹೊಸಿಲಲ್ಲೇ ಎಡವಿತು: ಬೇಕಾದ ಫಂಕ್ಷನ್ ವಿಂಡೋಸಿನ ಮೂಲ ಲೈಬ್ರರಿ ಕರ್ನೆಲ್32ರಲ್ಲಿ ಇಲ್ಲವಂತೆ. ಇಂಪೋರ್ಟ್ ಪಟ್ಟಿ ತೆಗೆದು ನೋಡಿದರೆ ಗೆಟ್‌ಕ್ಯೂಡ್‌ಕಂಪ್ಲೀಶನ್‌ಸ್ಟೇಟಸ್‌ಇಎಕ್ಸ್‌ನಂಥವು ಕೂತಿದ್ದವು. ಅದು ಎಕ್ಸ್‌ಪಿಯ ನಂತರದ ವಿಸ್ಟಾ ಜೊತೆ ಬಂದದ್ದು. ನಾನು ಬರೆದ ಕೋಡಿನಲ್ಲಿ ಅದರ ಸುಳಿವೇ ಇಲ್ಲ, ಅದನ್ನು ಕೇಳುತ್ತಿದ್ದದ್ದು ಗೋ ಪ್ರತಿ ಪ್ರೋಗ್ರಾಂಗೂ ತಾನಾಗಿ ಸೇರಿಸುವ ರನ್‌ಟೈಮ್. ಮಷಿನ್ ಕೋಡಿನ ತಕರಾರು ಅಲ್ಲವೇ ಅಲ್ಲ.

ಸರಿ, 2018ರ ಗೋ 1.10ಕ್ಕೆ ಇಳಿದೆ. ಎಕ್ಸ್‌ಪಿಯಲ್ಲಿ ಓಡುವ ಕೊನೆಯ ಗೋ ಅದು. ಒಂದೇ ಏಟಿಗೆ ಓಡಿತು. ಟಿಎಲ್‌ಎಸ್ (ಸರ್ವರ್ ಜೊತೆಗಿನ ಮಾತನ್ನು ಗುಪ್ತವಾಗಿಡುವ ವಿಧಾನ) ಕೂಡ ಅದರೊಳಗೇ ಇರುವುದರಿಂದ 1.2ರವರೆಗೆ ಚಿಂತೆಯಿಲ್ಲ; ಎಕ್ಸ್‌ಪಿಯ ಸ್ವಂತದ್ದು 1.0ಕ್ಕೇ ನಿಂತಿದೆ. ಕಂಪೈಲರ್ ಕೂಡ ಗೋದಲ್ಲೇ ಬರೆದದ್ದು, ಹಾಗಾಗಿ ಎಕ್ಸ್‌ಪಿ ಒಳಗೇ ಕೂತು ಬಿಲ್ಡ್ ಮಾಡಬಹುದು. ಆದರೆ ಮಾಡ್ಯೂಲ್ (ಲೈಬ್ರರಿಗಳನ್ನು ತರುವ ವ್ಯವಸ್ಥೆ) ಬಂದದ್ದು 1.11ರಲ್ಲಿ, ಜೆನೆರಿಕ್ಸ್ (ಹಲವು ಟೈಪ್‌ಗಳಿಗೆ ಒಂದೇ ಕೋಡ್) 1.18ರಲ್ಲಿ. ಈಗಿನ ಲೈಬ್ರರಿ ಯಾವುದನ್ನು ತಂದರೂ ಮೊದಲ ಫೈಲಿನಲ್ಲೇ ಮುಗ್ಗರಿಸುತ್ತದೆ.

ರಸ್ಟ್ ಮೇಲೆ ಜಾಸ್ತಿ ಆಸೆ ಇತ್ತು. 2024ರ 1.78ರಿಂದ ಅದರ ಮಾಮೂಲಿ ವಿಂಡೋಸ್ ಟಾರ್ಗೆಟ್‌ಗಳಿಗೆ (ಪ್ರೋಗ್ರಾಂ ಯಾವ ಸಿಸ್ಟಂಗೆ ಎಂಬ ಆಯ್ಕೆ) ಕನಿಷ್ಠ ವಿಂಡೋಸ್ 10 ಬೇಕು. ವಿಂಡೋಸ್ 7ಕ್ಕೆ ಬೇರೆ ಟಾರ್ಗೆಟ್ ಇದೆ, ಸ್ಟ್ಯಾಂಡರ್ಡ್ ಲೈಬ್ರರಿಯನ್ನು ನಾವೇ ಬಿಲ್ಡ್ ಮಾಡಿಕೊಳ್ಳಬೇಕು. 7ರಿಂದ ಎಕ್ಸ್‌ಪಿಗೆ ಒಂದೇ ಹೆಜ್ಜೆ ಅಲ್ವಾ ಅಂದುಕೊಂಡೆ. ಅಲ್ಲ. ಆ ಲೈಬ್ರರಿಯಲ್ಲಿ ಮ್ಯೂಟೆಕ್ಸ್ (ಒಂದು ಥ್ರೆಡ್ಡಿನ ಕೆಲಸಕ್ಕೆ ಇನ್ನೊಂದು ಅಡ್ಡ ಬರದಂತೆ ಹಾಕುವ ಬೀಗ) ನಿಂತಿರುವುದು ವಿಂಡೋಸಿನ ಎಸ್‌ಆರ್‌ಡಬ್ಲ್ಯೂ ಲಾಕ್ ಮೇಲೆ, ಅದೂ ವಿಸ್ಟಾದ್ದೇ. ಅದನ್ನು ಕಿತ್ತು ಹಳೆಯ ಕ್ರಿಟಿಕಲ್ ಸೆಕ್ಷನ್ ಕೂರಿಸಿದೆ. ಆಮೇಲೆ ಥ್ರೆಡ್‌ಗಳನ್ನು ಕಾಯಿಸಿ ಎಬ್ಬಿಸುವ ಕಂಡೀಶನ್ ವೇರಿಯಬಲ್ ಕೈಕೊಟ್ಟಿತು. ಎರಡು ರಾತ್ರಿ ಕಳೆದ ಮೇಲೆ ಓಡಿತು ಅನ್ನಿ, ಆದರೆ ಮುಂದಿನ ಬಿಡುಗಡೆಗೆ ನನ್ನ ಪ್ಯಾಚ್ ಕೂರಲೇ ಇಲ್ಲ. ಇದನ್ನೇ ಹೊಣೆಯಾಗಿ ಹೊತ್ತಿರುವ ರಸ್ಟ್9ಎಕ್ಸ್ ಎಂಬ ಕವಲು ಇದೆ. ರಸ್ಟೇ ಬೇಕು ಅನ್ನುವವರು ಅಲ್ಲಿಂದ ಶುರು ಮಾಡಿ. ಕಂಪೈಲರನ್ನೇ ಎಕ್ಸ್‌ಪಿಯಲ್ಲಿ ಓಡಿಸುವ ಯೋಚನೆ ಬಿಡಿ. ಮಷಿನ್ ಕೋಡ್ ತಯಾರಿಸುವ ಎಲ್‌ಎಲ್‌ವಿಎಂ ಹೊತ್ತ ಆ ಆನೆ ಅಲ್ಲಿ ಹಿಡಿಸುವುದಿಲ್ಲ.

ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 (ವಿಂಡೋಸ್ ಪ್ರೋಗ್ರಾಂ ಮಾಡಲು ಬೇಕಾದ ಹೆಡರ್, ಲೈಬ್ರರಿಗಳ ಕಟ್ಟು) ಜೊತೆ ಸಿ++ ಕಂಪೈಲರ್ ಜಿಸಿಸಿ ಮಾತ್ರ ಹಳೇ ಮನೆಯ ಬೀಗದ ಕೈ ಇಟ್ಟುಕೊಂಡಿರುವ ನೆಂಟನ ಹಾಗೆ. ಟೂಲ್‌ಚೈನ್ ಬಿಲ್ಡ್ ಮಾಡುವಾಗ ಹೊಸ ಸಿ ಲೈಬ್ರರಿ ಯುಸಿಆರ್‌ಟಿ ಬದಲು ಹಳೆಯ ಎಂಎಸ್‌ವಿಸಿಆರ್‌ಟಿ, ವಿಂಡೋಸ್ ಆವೃತ್ತಿಯ ಮ್ಯಾಕ್ರೋಗೆ ಹೆಕ್ಸ್ 0501 (ಎಕ್ಸ್‌ಪಿಯ 5.1), ಥ್ರೆಡ್ ಮಾದರಿ ಪಾಸಿಕ್ಸ್. ಇಷ್ಟೇ. 32 ಬಿಟ್‌ನಲ್ಲಿ ಲಿಂಕರ್ ಹೆಡರಿಗೆ ತಾನಾಗಿ 4.0 ಬರೆಯುತ್ತದೆ, ಹೆಕ್ಸ್ ಎಡಿಟರ್ ಮುಟ್ಟುವ ಕೆಲಸವೇ ಬರಲಿಲ್ಲ. ಲ್ಯಾಂಬ್ಡಾ, ಥ್ರೆಡ್, ಸಿ++17ರ ಸವಲತ್ತು ಎಲ್ಲ ಸುಮ್ನೆ ಓಡಿದವು. ಕಷ್ಟ ಕೊಟ್ಟದ್ದು ಟಿಎಲ್‌ಎಸ್ ಲೈಬ್ರರಿ. ರ‍್ಯಾಂಡಮ್ ಅಂಕಿಗೆ ಅದು ಬಿಕ್ರಿಪ್ಟ್ ಡಿಎಲ್‌ಎಲ್ ಕೇಳುತ್ತಿತ್ತು, ಎಕ್ಸ್‌ಪಿಯಲ್ಲಿ ಅದು ಇಲ್ಲ. ಹಳೆಯ ಕ್ರಿಪ್ಟೋ ಫಂಕ್ಷನ್‌ಗೆ ತಿರುಗಿಸಲು ಹತ್ತು ಸಾಲು ಬರೆದೆ.

(ಫ್ರೀ ಪ್ಯಾಸ್ಕಲ್ 3.2.2 ಕೂಡ ಹಾಕಿ ನೋಡಿದೆ. ಏನೂ ತಿದ್ದದೆ ಎಕ್ಸ್‌ಪಿಯಲ್ಲೇ ಕಂಪೈಲ್ ಆಗಿ ಓಡಿತು. ಪ್ಯಾಸ್ಕಲ್ ಬರೆಯಲು ನನಗೇ ಮನಸ್ಸಾಗಲಿಲ್ಲ.)

ಈಗ ಆ ಕಂಪ್ಯೂಟರಿನಲ್ಲಿ ಓಡುತ್ತಿರುವುದು ಜಿಸಿಸಿಯ ಸಿ++ ಪ್ರೋಗ್ರಾಂ. ಗೋ 1.10ರದ್ದನ್ನೂ ಪಕ್ಕದ ಫೋಲ್ಡರಿನಲ್ಲಿ ಇಟ್ಟಿದ್ದೇನೆ, ಅವಸರಕ್ಕೆ ಏನಾದರೂ ಪರೀಕ್ಷಿಸಬೇಕಾದರೆ ಅದನ್ನೇ ತೆರೆಯುವುದು. ರಸ್ಟ್ ಪ್ಯಾಚ್ ಅಳಿಸಿಲ್ಲ, ತೆರೆದೂ ಇಲ್ಲ.