ರಟ್ಟಿನ ಡಬ್ಬ, ಗೋಣಿಚೀಲ, ಕ್ರೇಟು: ಎರಡು ಸಲ ಮನೆ ಬದಲಿಸಿ ಕಂಡದ್ದು

ಮನೆಯವರಿಗೆ ವರ್ಗವಾಗಿ ಶಿರಸಿಯಿಂದ ಕಾರವಾರಕ್ಕೆ ಬಂದದ್ದು 2019ರ ಜೂನ್ ಕೊನೆಯ ವಾರ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ 120 ಕಿ.ಮೀ.ಗೂ ಹೆಚ್ಚಿನ ದಾರಿ, ಉದ್ದಕ್ಕೂ ಮಳೆ. ಎರಡನೇ ಸಲ, 2023ರ ಏಪ್ರಿಲ್‌ನಲ್ಲಿ, ಕಾರವಾರದೊಳಗೇ ಕೋಡಿಬಾಗದಿಂದ ಹಬ್ಬುವಾಡಕ್ಕೆ. ಮೊದಲ ಸಲ ರಟ್ಟಿನ ಡಬ್ಬ ಮತ್ತು ಚೀಲ, ಎರಡನೇ ಸಲ ಹೆಚ್ಚಿನದೆಲ್ಲ ಪ್ಲಾಸ್ಟಿಕ್ ಕ್ರೇಟು. ಒಂದು ಮಳೆಗಾಲದ ಘಟ್ಟದ ದಾರಿ, ಇನ್ನೊಂದು ಬೇಸಿಗೆಯಲ್ಲಿ ಊರೊಳಗಿನ ದಾರಿ. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ರಟ್ಟಿನ ಡಬ್ಬದ ದೊಡ್ಡ ಅನುಕೂಲ, ಪುಕ್ಕಟೆ ಸಿಗುತ್ತದೆ. ಆದರೆ ಎಲ್ಲ ಡಬ್ಬವೂ ಒಂದೇ ಅಲ್ಲ. ಔಷಧಿ ಅಂಗಡಿಯವು ಗಟ್ಟಿ, ಸ್ವಚ್ಛ. ಸೋಪಿನ ಡಬ್ಬದಲ್ಲಿ ಅಕ್ಕಿ, ಬೇಳೆ ಇಡಬೇಡಿ, ವಾಸನೆ ತಗಲುತ್ತದೆ. ಬಾಟಲಿ ತುಂಬಿ ಬರುವ ಡಬ್ಬಗಳೊಳಗೆ ಅಡ್ಡಪಟ್ಟಿಗಳಿರುತ್ತವಲ್ಲ, ಗಾಜಿನ ಲೋಟಗಳಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದೊಂದು ಗೂಡಿಗೆ ಒಂದೊಂದು ಲೋಟ, ಸುತ್ತ ಒಂದು ಹಳೆ ಬಟ್ಟೆಯ ತುಂಡು. ಹನ್ನೆರಡರಲ್ಲಿ ಹನ್ನೆರಡೂ ಸರಿಯಾಗಿ ಬಂದವು.

ರಟ್ಟು ಸೋತದ್ದು ನೀರಿಗೆ. ಲಾರಿಗೆ ಟಾರ್ಪಾಲು ಹೊದೆಸಿದ್ದೆವು, ಡಬ್ಬಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಮಳೆಗಾಲದ ಗಾಳಿಯಲ್ಲೇ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ. ಕೆಳಗಿನ ಸಾಲಿನ ಡಬ್ಬಗಳು ಮೇಲಿನ ಭಾರಕ್ಕೆ ಕುಸಿದಿದ್ದವು. ಪುಸ್ತಕ ತುಂಬಿದ್ದ ದೊಡ್ಡ ಡಬ್ಬವೊಂದರ ತಳ ಕಾರವಾರದ ಮನೆಯ ಮೆಟ್ಟಿಲ ಮೇಲೆ ಕಿತ್ತುಹೋಯಿತು. ಉಳಿದ ಪುಸ್ತಕದ ಡಬ್ಬಗಳನ್ನು ಪುರುಸೊತ್ತಾದಾಗ ಬಿಚ್ಚೋಣವೆಂದು ಮೂಲೆಗಿಟ್ಟೆವು. ಚೌತಿಯ ಹೊತ್ತಿಗೆ ತೆರೆದರೆ ರಟ್ಟಿಗೆ ತಾಗಿದ್ದ ಪುಸ್ತಕಗಳ ಬೆನ್ನಿಗೆಲ್ಲ ಬೂಷ್ಟು. ಅಜ್ಜನ ಕೈಬರಹದ ಎರಡು ಪುಸ್ತಕಗಳೂ ಅದರಲ್ಲಿದ್ದವು. ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಪುಸ್ತಕಕ್ಕೆ ರಟ್ಟೇ ಬಳಸುವುದಾದರೆ ಸಣ್ಣ ಡಬ್ಬ ಆರಿಸಿ, ಹತ್ತು ಹನ್ನೆರಡು ಕಿಲೋ ಮೀರಬೇಡಿ, ಕರಾವಳಿ ತಲುಪಿದ ವಾರದೊಳಗೆ ಬಿಚ್ಚಿ ಕಪಾಟಿಗೆ ಜೋಡಿಸಿ.

ಚೀಲಗಳಲ್ಲಿ ಎರಡು ಬಗೆ ತಂದಿದ್ದೆವು. ಅಡಿಕೆ ತುಂಬುವ ಸೆಣಬಿನ ಗೋಣಿ, ಗೊಬ್ಬರದ ಪ್ಲಾಸ್ಟಿಕ್ ಚೀಲ. ಪ್ಲಾಸ್ಟಿಕ್ ಚೀಲವನ್ನು ತೊಳೆದು ಒಣಗಿಸಿ ಬಟ್ಟೆ ತುಂಬಿದರೆ ಮಳೆ ಒಳಗೆ ಬರುವುದಿಲ್ಲ, ನಿಜ. ಆದರೆ ಒಳಗಿನ ಪಸೆಯೂ ಹೊರಗೆ ಹೋಗುವುದಿಲ್ಲ. ಅರೆಬರೆ ಒಣಗಿದ ಒಂದೇ ಟವೆಲ್ ಸೇರಿಕೊಂಡು ಇಡೀ ಚೀಲದ ಬಟ್ಟೆಗೆ ಮುಗ್ಗುವಾಸನೆ ಹತ್ತಿತು. ಗೋಣಿಯಲ್ಲಿದ್ದ ಹಾಸಿಗೆ, ಕಂಬಳಿಗಳಿಗೆ ಏನೂ ಆಗಲಿಲ್ಲ. ಹಮಾಲರಿಗೂ ಗೋಣಿಯೇ ಇಷ್ಟ, ಬೆನ್ನಿಗೆ ಹೊಂದಿಕೊಳ್ಳುತ್ತದೆ. ಪಾತ್ರೆ ಮಾತ್ರ ಗೋಣಿಗೆ ತುಂಬಬೇಡಿ. ಹಿತ್ತಾಳೆ ಹಂಡೆಯ ಪಕ್ಕದಲ್ಲಿದ್ದ ಅಲ್ಯುಮಿನಿಯಂ ಪಾತ್ರೆಗಳೆಲ್ಲ ಘಟ್ಟದ ತಿರುವುಗಳಲ್ಲಿ ನೆಗ್ಗಿದವು.

ಕ್ರೇಟುಗಳನ್ನು ತರಕಾರಿ ಸಗಟು ವ್ಯಾಪಾರಿಯೊಬ್ಬರಿಂದ ನಾಲ್ಕು ದಿನಕ್ಕೆ ಬಾಡಿಗೆಗೆ ತಂದೆವು. ಅಡುಗೆಮನೆಯ ಮಟ್ಟಿಗೆ ನನ್ನ ಆಯ್ಕೆ ಇನ್ನು ಮುಂದೆ ಇದೇ. ಎರಡೂ ಬದಿಗೆ ಹಿಡಿಕೆ, ಒಳಗಿರುವುದು ಹೊರಗಿಂದಲೇ ಕಾಣುತ್ತದೆ, ಮುಖ್ಯವಾಗಿ ಒಂದರ ಮೇಲೊಂದು ಇಟ್ಟಾಗ ಭಾರವೆಲ್ಲ ಕ್ರೇಟಿನ ಅಂಚಿನ ಮೇಲೆ ಕೂರುತ್ತದೆ, ಪಾತ್ರೆಯ ಮೇಲಲ್ಲ. ಘಟ್ಟದ ದಾರಿಗೆ ನಾನು ಇವನ್ನು ಪರೀಕ್ಷಿಸಿಲ್ಲ, ಆದರೆ ಈ ಒಂದು ಕಾರಣಕ್ಕೇ ಅಲ್ಲಿಯೂ ಇವನ್ನೇ ಒಯ್ಯುತ್ತೇನೆ. ಚಮಚ, ಸೌಟು ತೂತಿನಿಂದ ಜಾರುತ್ತವೆ. ತಳಕ್ಕೆ ಹಳೆ ಬೆಡ್‌ಶೀಟು ಹಾಸಿ, ಅದರ ಅಂಚನ್ನೇ ಮೇಲಕ್ಕೆ ಮಡಚಿ ಮುಚ್ಚಿದೆ. ಮೀನಿನ ಕ್ರೇಟು ಪುಕ್ಕಟೆ ಕೊಡುತ್ತೇವೆಂದರೂ ಬೇಡ. ಒಂದನ್ನು ಮೂರು ಸಲ ತೊಳೆದು ಬಿಸಿಲಿಗಿಟ್ಟು ನೋಡಿದೆ, ವಾಸನೆ ಹೋಗಲಿಲ್ಲ.

ಒಡೆಯುವ ಸಾಮಾನಿಗೆ ಸುತ್ತುವುದರಲ್ಲಿ ಬಬಲ್ ರ‍್ಯಾಪ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪೇಪರು ಅಷ್ಟಕ್ಕಷ್ಟೆ: ಹತ್ತು ತಿರುವು ದಾಟುವಷ್ಟರಲ್ಲಿ ಚಪ್ಪಟೆಯಾಗುತ್ತದೆ, ತೇವವಾದರೆ ಬಿಳಿ ಪಿಂಗಾಣಿಗೆ ಮಸಿ ಹತ್ತುತ್ತದೆ. ಹಳೆ ಕಾಟನ್ ಸೀರೆ ಇವೆರಡಕ್ಕಿಂತಲೂ ಮೇಲು, ಹೇಗೂ ಒಯ್ಯಲೇಬೇಕಾದದ್ದು.

ಆದರೆ ಅಪ್ಪೆಮಿಡಿಯ ಭರಣಿಗೆ ಇದ್ಯಾವುದೂ ಸಾಲುತ್ತಿರಲಿಲ್ಲ. ಆ ಭರಣಿಯನ್ನು ಕಟ್ಟಿಕೊಟ್ಟವಳು ಆಯಿ. ದೊಡ್ಡ ಅಡಿಕೆ ಹಾಳೆ ನಾಲ್ಕನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟಳು. ಬೆಳಿಗ್ಗೆ ಬಟ್ಟೆಯಂತೆ ಮೆತ್ತಗಾಗಿದ್ದ ಹಾಳೆಗಳನ್ನು ಖಾಲಿ ಭರಣಿಗೆ ಸುತ್ತಿ, ಬಿಗಿಯಾಗಿ ಸುತಳಿ ಹಾಕಿ, ಮಳೆ ಹಿಡಿದಿದ್ದರಿಂದ ಬಚ್ಚಲ ಒಲೆಯ ಬಳಿ ಮೂರು ದಿನ ಇಟ್ಟಳು. ಒಣಗಿದಾಗ ಹಾಳೆ ಭರಣಿಯ ಹೊಟ್ಟೆಯ ಆಕಾರಕ್ಕೇ ಕುಳಿತು ಚಿಪ್ಪಿನಂತೆ ಗಟ್ಟಿಯಾಗಿತ್ತು. ಆಮೇಲೆ ಮಿಡಿ ತುಂಬಿ, ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿ, "ಇದ್ನ ಲಾರಿಗೆ ಹಾಕಡ ಕೂಸೆ, ಕಾಲ ಬುಡದಲ್ಲೇ ಇಟ್ಕ" ಎಂದಳು. ಹಾಗೆಯೇ ತಂದೆ. ತೊಟ್ಟು ಉಪ್ಪುನೀರೂ ಚೆಲ್ಲಲಿಲ್ಲ. ಹಾಳೆ ಅರೆಒಣಗಿದ್ದರೆ ಅದಕ್ಕೂ ಬೂಷ್ಟು ಬರುತ್ತದೆ, ಆ ಮೂರು ದಿನ ಬಿಡಲೇಬೇಕು.

ಹೆಸರು ಬರೆಯುವುದರಲ್ಲೂ ಎರಡು ದಾರಿ ಹಿಡಿದು ನೋಡಿದೆ. ಮೊದಲ ಸಲ ಡಬ್ಬಕ್ಕೆ ನಂಬರು ಬರೆದು, ಒಳಗೇನಿದೆಯೆಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದ್ದೆ. ಎಲ್ಲ ಬಂತೇ ಎಂದು ಎಣಿಸಲು ಅನುಕೂಲವಾಯಿತು. ಆದರೆ ಇಳಿಸುವವರು ಪ್ರತಿ ಡಬ್ಬಕ್ಕೂ "ಅಕ್ಕಾ, ಇದೆಲ್ಲಿಗೆ?" ಎಂದು ಕೇಳಿ, ಕೊನೆಗೆ ಎಲ್ಲವನ್ನೂ ಜಗಲಿಯಲ್ಲೇ ಪೇರಿಸಿ ಹೋದರು. ಎರಡನೇ ಸಲ ಅಡುಗೆಮನೆಗೆ ಕೆಂಪು ಟೇಪು, ಮಲಗುವ ಕೋಣೆಗೆ ನೀಲಿ, ದೇವರ ಸಾಮಾನಿಗೆ ಹಳದಿ. ಹೊಸ ಮನೆಯ ಬಾಗಿಲುಗಳಿಗೂ ಅದೇ ಬಣ್ಣ. ಟೇಪನ್ನು ಕ್ರೇಟಿನ ಪಕ್ಕಕ್ಕೆ ಅಂಟಿಸಿದ್ದರಿಂದ ಪೇರಿಸಿಟ್ಟಾಗಲೂ ಕಾಣುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಟೆಂಪೊ ಖಾಲಿಯಾಯಿತು, ಒಂದೂವರೆಗೆ ಕುಕ್ಕರ್ ಕೂಗಿತು.