ಇನ್ನೂ ಹಾಕದ ಭಾಗ ಯಾರಿಗೂ ಕಳಿಸಬೇಡಿ

ಆನ್‌ಲೈನ್‌ನಲ್ಲಿ ಧಾರಾವಾಹಿ ಬರೆಯುತ್ತಿರುವವರು, ಬರೆಯೋಣ ಅಂದುಕೊಂಡವರು ಇದನ್ನೊಮ್ಮೆ ಓದಿ. ಇನ್ನೂ ಹಾಕದ ಭಾಗವನ್ನು ಯಾವ ಓದುಗರಿಗೂ ಕಳಿಸಬೇಡಿ. ಎಷ್ಟೇ ಒಳ್ಳೆಯವರಾಗಿ ಕಾಣಲಿ, ನಿಮ್ಮನ್ನು ತಂಗಿ ಅಂತಲೇ ಕರೆಯಲಿ. ನಾನು ಕಳಿಸಿದೆ. ನನ್ನ ಕಥೆಗೆ ನಾನೇ ಕಳ್ಳಿ ಅನ್ನಿಸಿಕೊಂಡೆ.

ನಾನು ಹಾವೇರಿಯವಳು. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದಿದ್ದೇನೆ. ಅದನ್ನೇ ಇಟ್ಟುಕೊಂಡು ಹದಿನಾರು ಭಾಗದ ಕಥೆ ಶುರು ಮಾಡಿದ್ದೆ. ಮೆಣಸಿನಕಾಯಿ ಚೀಲಗಳ ತೂಕದಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆ, ಅಂಗಡಿಯ ಹುಡುಗಿಯೊಬ್ಬಳು ಅದನ್ನು ಪತ್ತೆ ಹಚ್ಚಬೇಕು. ವಾರಕ್ಕೆರಡು ಭಾಗ, ಸೋಮವಾರ ಮತ್ತು ಗುರುವಾರ ರಾತ್ರಿ ಎಂಟಕ್ಕೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಟೆಂಡರ್ ನಡೆಯೋದೂ ಅದೇ ದಿನಗಳಲ್ಲಿ, ಗೊತ್ತಿದ್ದವರಿಗೆ ಮಜಾ ಇರಲಿ ಅಂತ. ಒಂದು ಭಾಗಕ್ಕೆ ಒಂಬೈನೂರು ಪದ. ಬಸ್ಸಿನಲ್ಲಿ ಕೂತು ಓದಿ ಮುಗಿಸುವಷ್ಟು.

ಓದುಗರ ಮಾತೇ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ. ಎರಡನೇ ಭಾಗದಲ್ಲಿ ಹುಡುಗಿ ಬ್ಯಾಡಗಿಯ 'ಡಬ್ಬಿ' ತಳಿಯ ಮೆಣಸಿನಕಾಯಿ ಒಂದನ್ನು ಕಚ್ಚುತ್ತಾಳೆ, ಖಾರಕ್ಕೆ ಕಣ್ಣಲ್ಲಿ ಧಾರಾಕಾರ ನೀರು. ನಾಲ್ಕು ವರ್ಷ ಅಲ್ಲೇ ಕೂತವಳು ನಾನು, ಗೊತ್ತಿದ್ದೂ ಕಥೆ ರಂಗೇರಲಿ ಅಂತ ಬೇಕೆಂದೇ ಬರೆದಿದ್ದೆ. ಅರ್ಧ ಗಂಟೆಯಲ್ಲಿ ರೈತರೊಬ್ಬರ ಕಾಮೆಂಟ್: "ಅಕ್ಕಾರ, ಬ್ಯಾಡಗಿ ಡಬ್ಬಿ ಕಾಯಿಗೆ ಅಷ್ಟ್ ಖಾರ ಎಲ್ಲೈತ್ರಿ? ಅದಕ್ಕ ಬೆಲಿ ಬರೋದು ಬಣ್ಣಕ್ಕ. ಕಣ್ಣಾಗ ನೀರ್ ಬರಬೇಕಂದ್ರ ಆಕಿಗೆ ಗುಂಟೂರ್ ಕಾಯಿ ತಿನ್ನಸ್ರಿ." 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಕಾಯಿ ಅದು. ಅದರ ಗುಣವನ್ನೇ ತಪ್ಪು ಬರೆದರೆ ಹೇಗೆ? ಆ ರಾತ್ರಿಯೇ ತಿದ್ದಿದೆ. ಇಂಥ ಓದುಗರು ಸಿಕ್ಕರೆ ಕೈ ಮುಗಿಯಬೇಕು.

ಎಡವಿದ್ದು ಏಳನೇ ಭಾಗದಲ್ಲಿ. ಧಾರವಾಡದ ಒಬ್ಬರು ಬರೆದರು, "ಇದೆಲ್ಲಾ ಮಾಡಿದ್ದು ಕಾರಕೂನ ಬಸಣ್ಣನ ಅಲ್ರಿ? ಮೂರನೇ ಭಾಗದಾಗ ಅಂವನ ಬೆರಳಿಗೆ ಮಸಿ ಹತ್ತಿತ್ತಲ್ಲ." ಸರಿಯಾಗಿಯೇ ಹಿಡಿದಿದ್ದರು. ಅದರ ಕೆಳಗೆ ಹೌದ್ರಿ ಹೌದ್ರಿ ಅಂತ ಮತ್ತಷ್ಟು ಜನ. ಆ ಮಸಿ ಅವರ ಕಣ್ಣಿಗೆ ಬಿತ್ತು ಅಂದರೆ ನಾನು ಚೆನ್ನಾಗಿಯೇ ಬರೆದಿದ್ದೆ ಅಂತ ಅರ್ಥ, ಅಲ್ವಾ? ಆದರೆ ಅವತ್ತು ಹಾಗೆ ಅನ್ನಿಸಲಿಲ್ಲ. ಗುಟ್ಟು ರಟ್ಟಾಯಿತು, ಇನ್ಯಾರು ಓದುತ್ತಾರೆ ಅಂತ ನಿದ್ದೆ ಬರಲಿಲ್ಲ. ರಾತ್ರೋರಾತ್ರಿ ಬಸಣ್ಣನನ್ನು ಬಿಟ್ಟು ಹಮಾಲರ ಸಂಗಣ್ಣನನ್ನು ಕಳ್ಳನನ್ನಾಗಿ ಮಾಡಿದೆ. ಹಾಗಾದರೆ ಆ ಮಸಿ ಯಾಕೆ ಬಂತು? ಐದನೇ ಭಾಗದಲ್ಲಿ ಹರಿದ ತೂಕದ ಚೀಟಿ ಯಾರದು? ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು ಅಂತ ಎಂಟು, ಒಂಬತ್ತು, ಹತ್ತು ಮೂರೂ ಭಾಗ ಬರೀ ಸಮಜಾಯಿಷಿಗೇ ಹೋದವು.

ನಮ್ಮವ್ವ ವಾರಪತ್ರಿಕೆಯ ಧಾರಾವಾಹಿಗಳನ್ನು ಹರಿದಿಟ್ಟು, ದಬ್ಬಣದಿಂದ ಹೊಲಿದು ಪುಸ್ತಕ ಮಾಡುತ್ತಿದ್ದಳು. ಆಗಲೂ ಓದುಗರು ಪತ್ರ ಬರೆಯುತ್ತಿದ್ದರು. ಆದರೆ ಪತ್ರ ಪತ್ರಿಕೆಯ ಕಚೇರಿ ಮುಟ್ಟುವಷ್ಟರಲ್ಲಿ ಮುಂದಿನ ಕಂತು ಅಚ್ಚಿಗೆ ಹೋಗಿರುತ್ತಿತ್ತು. ಇನ್ನು ಇಟ್ಟ ಪದ ಅಳಿಸುವುದಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡ ಕುಮಾರವ್ಯಾಸ ಇಲ್ಲೇ ನಮ್ಮ ಪಕ್ಕದ ಗದಗಿನವನು. ಅವನಿಗೆ ವೀರನಾರಾಯಣನೊಬ್ಬ ಕೇಳಿದರೆ ಸಾಕಿತ್ತು ಬಿಡಿ.

ಹೀಗೆ ನಾನು ಸಿಕ್ಕಿಕೊಂಡಿದ್ದಾಗಲೇ ಆ ಮನುಷ್ಯ ಬಂದದ್ದು. ಮೊದಲ ಭಾಗದಿಂದಲೂ ಐದು ಸ್ಟಾರ್ ಕೊಟ್ಟು ಉದ್ದುದ್ದ ಅಭಿಪ್ರಾಯ ಬರೆಯುತ್ತಿದ್ದವರು. ಇನ್‌ಬಾಕ್ಸ್‌ಗೆ ಬಂದರು. "ತಂಗಿ, ಕಥಿ ದಾರಿ ತಪ್ಪಾಕತ್ತೈತಿ. ಹಾಕೂಕಿಂತ ಮದ್ಲ ನನಗೊಮ್ಮೆ ಕಳಸು, ತಿದ್ದಿ ಕೊಡ್ತೀನಿ." ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಹನ್ನೊಂದು, ಹನ್ನೆರಡು, ಹದಿಮೂರನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ನಿಜ ಹೇಳಬೇಕು, ಒತ್ತಕ್ಷರದ ತಪ್ಪುಗಳನ್ನೆಲ್ಲ ಚೊಕ್ಕ ಮಾಡಿ ಕೊಟ್ಟರು. ಲೆಕ್ಕದ ಪುಸ್ತಕವನ್ನು ಕಾಯಿ ಚೀಲದಲ್ಲಿ ಬಚ್ಚಿಡುವುದು ಅವರು ಕೊಟ್ಟ ಸಲಹೆಯೇ. ಅದನ್ನು ಬಳಸಿಕೊಂಡೆ ಕೂಡ.

ಹದಿನಾಲ್ಕನೇ ಭಾಗವನ್ನು ಬುಧವಾರ ರಾತ್ರಿ ಕಳಿಸಿದ್ದೆ. ಗುರುವಾರ ಸಂಜೆ ಆರಕ್ಕೆ ಅದು ಬೇರೊಂದು ಪುಟದಲ್ಲಿ, ಅವರ ಹೆಸರಿನಲ್ಲಿ ಬಂದಿತ್ತು. ಶೀರ್ಷಿಕೆ ಬೇರೆ, ಹುಡುಗಿಯ ಹೆಸರು ಬೇರೆ, ಉಳಿದದ್ದೆಲ್ಲ ನನ್ನದೇ. ನನಗೆ ಗೊತ್ತೇ ಇರಲಿಲ್ಲ. ಎಂದಿನಂತೆ ಎಂಟಕ್ಕೆ ಹಾಕಿದೆ. "ಮೇಡಂ, ಕಾಪಿ ಹೊಡೆದಿದ್ದೀರಾ?" ಅಂತ ಶುರುವಾಯಿತು. ಆರು ಗಂಟೆಯದು ಮೊದಲೋ ಎಂಟು ಗಂಟೆಯದು ಮೊದಲೋ, ನೋಡುವವರಿಗೆ ಅಷ್ಟೇ ಸಾಕು.

ಆ ರಾತ್ರಿ ನಾನು ಮಾಡಿದ ತಪ್ಪು ಇನ್ನೂ ಚುಚ್ಚುತ್ತದೆ. ಪಿಯುಸಿ ಓದುವ ಹುಡುಗಿಯೊಬ್ಬಳು, ಒಂದು ಭಾಗವನ್ನೂ ಬಿಡದೆ ಓದಿದವಳು, "ಅಕ್ಕಾ, ಎರಡೂ ಒಂದೇ ಥರ ಇದೆಯಲ್ವಾ?" ಅಂತ ಸುಮ್ನೆ ಕೇಳಿದ್ದಳು. ಓದೋಕೆ ಬರದಿದ್ದರೆ ಬಾಯಿ ಮುಚ್ಕೊಂಡಿರು ಅಂತ ಬರೆದುಬಿಟ್ಟೆ. ಅಳಿಸುವಷ್ಟರಲ್ಲಿ ಸ್ಕ್ರೀನ್‌ಶಾಟ್ ಎಲ್ಲ ಕಡೆ ಓಡಾಡಿತ್ತು. ಆಮೇಲೆ ಕ್ಷಮೆ ಕೇಳಿದೆ. ಅವಳು ಮತ್ತೆ ಬರಲೇ ಇಲ್ಲ.

ನನ್ನನ್ನು ಉಳಿಸಿದ್ದು ನನ್ನ ಸೋಮಾರಿತನ. ಕರಡಿನ ನಡುವೆ "ಇಲ್ಲಿ ಚೀಟಿ ನಂಬರ್ ನೋಡಿ ಹಾಕಬೇಕು" ಅಂತ ನನಗೇ ಒಂದು ಸೂಚನೆ ಬರೆದುಕೊಂಡಿದ್ದೆ. ಪುಣ್ಯಾತ್ಮ ಅದನ್ನೂ ತೆಗೆಯದೆ ಹಾಕಿದ್ದ. ಅದರ ಚಿತ್ರ, ವಾಟ್ಸಾಪ್‌ನಲ್ಲಿ ಕಳಿಸಿದ ದಿನ ಮತ್ತು ಸಮಯ, ಕಂಪ್ಯೂಟರಿನಲ್ಲಿದ್ದ ಹಳೇ ಕರಡುಗಳು, ಎಲ್ಲ ಒಟ್ಟು ಮಾಡಿದೆ. ಕೇಳಿದ್ದಕ್ಕೆ ಅವರ ಉತ್ತರ ಒಂದೇ: "ಐಡಿಯಾ ನಂದು."

ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ಪರಿಚಯದವರನ್ನು ಕೇಳಿದೆ. ಬರೀ ಐಡಿಯಾಕ್ಕೆ ಹಕ್ಕುಸ್ವಾಮ್ಯ ಇಲ್ಲ, ಬರೆದ ಮಾತಿಗೆ ಇದೆ ಅಂದರು. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಬರೆದ ಕ್ಷಣದಿಂದಲೇ ಅದು ಬರೆದವರದು, ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಬೇರೆಯವರಿಗೆ ಬರೆದುಕೊಡಬೇಕಾದರೂ ಸಹಿ ಮಾಡಿದ ಕಾಗದವೇ ಆಗಬೇಕು. ಕದ್ದ ಬರಹ ಇರುವ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ, ಇದು ನನ್ನ ಬರಹ ಅಂತ ಆಧಾರ ಸಮೇತ ತೋರಿಸಿ. 2013ರ ಹಕ್ಕುಸ್ವಾಮ್ಯ ನಿಯಮದಲ್ಲಿ 36 ಗಂಟೆಯೊಳಗೆ ಆ್ಯಪ್‌ನವರು ಆ ಬರಹವನ್ನು ಕಾಣದಂತೆ ಮಾಡಬೇಕು ಅಂತಿದೆ. ಆದರೆ 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ಆ್ಯಪ್‌ನವರು ಅದನ್ನು ಮತ್ತೆ ಹಾಕಬಹುದು, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನನ್ನ ದೂರಿಗೆ ಮೂರನೇ ದಿನ ಅದು ಇಳಿಯಿತು. 21 ದಿನ ಆಗುವ ಮೊದಲೇ ಆ ಪುಟವೇ ಮಾಯ.

ಓದುಗರಲ್ಲಿ ಅರ್ಧದಷ್ಟು ಜನ ಹೋಗಿಯೇ ಹೋದರು. ಒಂದು ತಿಂಗಳು ಕಥೆ ನಿಲ್ಲಿಸಿ, ಎಂಟರಿಂದ ಹದಿನಾಲ್ಕರವರೆಗೆ ತೆಗೆದುಹಾಕಿ, ಹಳೇ ನೋಟ್‌ಬುಕ್ಕಿನಲ್ಲಿದ್ದ ಹಾಗೇ ಬಸಣ್ಣನನ್ನು ಕಳ್ಳನನ್ನಾಗಿ ಮಾಡಿ ಪೂರ್ತಿ ಬರೆದೆ. ಹದಿನಾರೂ ಮುಗಿದ ಮೇಲೆಯೇ ಮತ್ತೆ ಹಾಕಲು ಶುರು ಮಾಡಿದ್ದು. ಲೆಕ್ಕದ ಪುಸ್ತಕ ಈಗ ಚೀಲದಲ್ಲಿಲ್ಲ, ಅಂಗಡಿಯ ದೇವರ ಪಟದ ಹಿಂದೆ ಇದೆ.

ಕೊನೇ ಭಾಗ ಹಾಕಿದ ರಾತ್ರಿ ಧಾರವಾಡದ ಅದೇ ಓದುಗರ ಕಾಮೆಂಟ್ ಬಂತು: "ನಾ ಏಳನೇ ಭಾಗದಾಗ ಹೇಳಿದ್ದೆ ಅಲ್ರಿ, ಸುಮ್ನ ಯಾಕ ಅಷ್ಟ್ ಸುತ್ತಾಡಿಸಿದ್ರಿ?"